ಇಇಜಿ ನಾರ್ಮಲ್ ಬಂದರೆ ಮಿದುಳು ಶಾಂತವಾಗಿದೆಯೇ?

ಮೂರ್ಛೆರೋಗದ ಕ್ಲಿನಿಕ್‌ನಲ್ಲಿ ನಮಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು: "ಇಇಜಿ ನಾರ್ಮಲ್ ಬಂದಿದೆಯಲ್ಲ ಡಾಕ್ಟ್ರೇ, ಇನ್ನು ಮಾತ್ರೆ ನಿಲ್ಲಿಸಬಹುದೇ?" ಇಇಜಿ ಎಂದರೆ ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ. ಕೇಳುವವರ ತರ್ಕದಲ್ಲಿ ತಪ್ಪಿಲ್ಲ. ಮಿದುಳಿನ ನರಕೋಶಗಳು ಮಿತಿಮೀರಿ, ಒಟ್ಟೊಟ್ಟಿಗೆ ಕೆರಳಿದಾಗ ಫಿಟ್ಸ್ ಬರುತ್ತದೆ. ಆ ಕೆರಳುವ ಗುಣವನ್ನು ಇಇಜಿ ಅಳೆಯುತ್ತದೆ ಎಂದು ನಂಬಿದವರಿಗೆ ನಾರ್ಮಲ್ ವರದಿಯ ನಂತರವೂ ಮಾತ್ರೆ ಏಕೆಂಬ ಅನುಮಾನ ಬಂದೇ ಬರುತ್ತದೆ. ಆದರೆ ದಿನನಿತ್ಯ ಮಾಡುವ ಇಇಜಿಯು ಮಿದುಳಿನ ಈ ಕೆರಳುವ ಗುಣವನ್ನು, ಅಂದರೆ ಉದ್ರೇಕಶೀಲತೆಯನ್ನು, ನೇರವಾಗಿ ಅಳೆಯುವುದೇ ಇಲ್ಲ. ಆ ಗುಣ ಆಗೊಮ್ಮೆ ಈಗೊಮ್ಮೆ ಹೊರಚಿಮ್ಮುವ ಕ್ಷಣಗಳನ್ನು, ಅವು ನಾವು ರೆಕಾರ್ಡ್ ಮಾಡುವ 20–30 ನಿಮಿಷಗಳ ಒಳಗೇ ಬಂದರೆ, ಅದು ಹಿಡಿದು ತೋರಿಸುತ್ತದೆ, ಅಷ್ಟೆ.

ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮೊದಲ ಬಾರಿಗೆ ಮನುಷ್ಯನ ತಲೆಯಿಂದ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿ, 1929ರಲ್ಲಿ ಪ್ರಕಟಿಸಿದರು. ಅಂದಿನಿಂದ ಇಂದಿನವರೆಗೂ ಒಂದು ಮಿತಿ ಹಾಗೆಯೇ ಉಳಿದಿದೆ: ಮಿದುಳಿನ ಹೊರಪದರವಾದ ಕಾರ್ಟೆಕ್ಸ್‌ನಲ್ಲಿ ಸುಮಾರು 10 ಚದರ ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಭಾಗ ಏಕಕಾಲಕ್ಕೆ ಕೆರಳದಿದ್ದರೆ ತಲೆಬುರುಡೆಯ ಹೊರಗಿನ ಎಲೆಕ್ಟ್ರೋಡಿಗೆ ಸಾಮಾನ್ಯವಾಗಿ ಏನೂ ಕಾಣಿಸದು. ವರದಿಯಲ್ಲಿ ನಾವು ಹುಡುಕುವ ಮೊನಚಾದ 'ಸ್ಪೈಕ್'ಗಳು ಕೂಡ ಉದ್ರೇಕಶೀಲತೆಯ ಸರಳ ಅಳತೆಗೋಲಲ್ಲ. ಮಾಂಟ್ರಿಯಲ್‌ನ ಜೀನ್ ಗೋಟ್‌ಮನ್ ಮತ್ತು ಸಹೋದ್ಯೋಗಿಗಳು 1980ರ ದಶಕದಲ್ಲಿ ತೋರಿಸಿಕೊಟ್ಟಂತೆ, ಫಿಟ್ಸ್ ಬರುವ ಮುನ್ನ ಸ್ಪೈಕ್‌ಗಳು ಹೆಚ್ಚುವುದಿಲ್ಲ. ಫಿಟ್ಸ್ ಬಂದು ಹೋದ ಮೇಲೆ ಹೆಚ್ಚುತ್ತವೆ. ಈ ಮಾಹಿತಿ ಇಷ್ಟು ಹಳೆಯದಾದರೂ ಸ್ಪೈಕ್ ಎಣಿಸಿ ಔಷಧದ ಪ್ರಮಾಣ ಏರಿಳಿಸುವ ಅಭ್ಯಾಸ ಇನ್ನೂ ಪೂರ್ತಿ ಹೋಗಿಲ್ಲವೆಂಬುದು ನನ್ನ ಅಸಮಾಧಾನ.

ನಮ್ಮ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ಕಾಣುವ ಬಿಸಿನೀರಿನ ಅಪಸ್ಮಾರವನ್ನೇ ನೋಡಿ. ತಂಬಿಗೆಯಲ್ಲಿ ಬಿಸಿನೀರನ್ನು ಒಂದೇ ಸಮನೆ ತಲೆಯ ಮೇಲೆ ಸುರಿದುಕೊಳ್ಳುವಾಗ ಇವರಿಗೆ ಫಿಟ್ಸ್ ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ಬಗ್ಗೆ ದೀರ್ಘಕಾಲ ಅಧ್ಯಯನ ನಡೆದಿದೆ. ಬೇರೆ ಹೊತ್ತಿನಲ್ಲಿ ಮಾಡಿದ ಇಇಜಿ ಇವರಲ್ಲಿ ಹೆಚ್ಚಿನವರಿಗೆ ನಾರ್ಮಲ್ ಆಗಿಯೇ ಇರುತ್ತದೆ. ಬೂದಿ ಮುಚ್ಚಿದ ಕೆಂಡದಂತಹ ಇಂಥ ಮಿದುಳಿನ ಸ್ವಭಾವ ತಿಳಿಯಬೇಕಾದರೆ ಅದನ್ನು ಸುಮ್ಮನೆ ನೋಡುತ್ತಾ ಕುಳಿತರೆ ಸಾಲದು, ಹದವರಿತು ಕೆಣಕಬೇಕು.

ಕೆಣಕುವ ಒಂದು ವಿಧಾನ ಬಹುತೇಕ ಎಲ್ಲ ಇಇಜಿ ಲ್ಯಾಬ್‌ಗಳಲ್ಲೂ ಇದೆ: ಕಣ್ಣೆದುರು ಮಿನುಗುವ ದೀಪ. ಬೆಳಕಿಗೆ ಸಂವೇದನೆಯುಳ್ಳ ರೋಗಿಯಲ್ಲಿ ಸೆಕೆಂಡಿಗೆ ಎಷ್ಟು ಮಿಂಚಿನಿಂದ ಎಷ್ಟು ಮಿಂಚಿನವರೆಗೆ ಅಸಹಜ ಅಲೆಗಳು ಏಳುತ್ತವೆ ಎಂಬ ವ್ಯಾಪ್ತಿಯನ್ನು ಗುರುತಿಸಿದರೆ ಅದೇ ಒಂದು ಅಳತೆಯಾಗುತ್ತದೆ. ಪರಿಣಾಮಕಾರಿ ಔಷಧದ ಒಂದೇ ಡೋಸ್ ಈ ವ್ಯಾಪ್ತಿಯನ್ನು ಕಿರಿದಾಗಿಸಬಲ್ಲದು. ಹೊಸ ಔಷಧಗಳ ಆರಂಭಿಕ ಪರೀಕ್ಷೆಗೆ ಇದನ್ನು ಬಳಸುವುದೂ ಇದೇ ಕಾರಣಕ್ಕೆ. ಆದರೆ ಬೆಳಕಿಗೆ ಹೀಗೆ ಸ್ಪಂದಿಸುವವರು ರೋಗಿಗಳಲ್ಲಿ ಕೆಲವರು ಮಾತ್ರ.

ಬೆಳಕಿಗೆ ಸ್ಪಂದಿಸದವರಲ್ಲೂ ಬಳಸಬಹುದಾದ ದಾರಿ ತೆರೆದದ್ದು 1985ರಲ್ಲಿ, ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥನಿ ಬಾರ್ಕರ್ ಮತ್ತು ಸಂಗಡಿಗರು ತಲೆಯ ಹೊರಗಿನಿಂದಲೇ ಮಿದುಳನ್ನು ಕೆಣಕುವ ಕಾಂತೀಯ ಪ್ರಚೋದನೆಯನ್ನು, ಅಂದರೆ ಟಿಎಂಎಸ್ ಅನ್ನು, ತೋರಿಸಿದಾಗ. ಎಂಟರ ಆಕಾರದ ಸುರುಳಿಯನ್ನು ಕೈಯ ಚಲನೆಯನ್ನು ನಿಯಂತ್ರಿಸುವ ಕಾರ್ಟೆಕ್ಸ್ ಭಾಗದ ಮೇಲಿಟ್ಟು, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಣ ಸ್ನಾಯುವಿನ ಮೇಲೆ ಎಲೆಕ್ಟ್ರೋಡ್ ಅಂಟಿಸುತ್ತೇವೆ. 'ಟಕ್' ಎಂಬ ಸದ್ದಿನೊಂದಿಗೆ ತೋರುಬೆರಳು ತುಸು ಅದುರುತ್ತದೆ. ಯಂತ್ರದ ಶಕ್ತಿಯನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸುತ್ತಾ, 10 ಪ್ರಚೋದನೆಗಳಲ್ಲಿ 5 ಬಾರಿಯಾದರೂ 50 ಮೈಕ್ರೋವೋಲ್ಟ್‌ನಷ್ಟು ಸ್ಪಂದನ ಬರುವ ಕನಿಷ್ಠ ಮಟ್ಟವನ್ನು ಹುಡುಕುತ್ತೇವೆ. ಇದೇ ಆ ವ್ಯಕ್ತಿಯ ಮೋಟಾರ್ ಥ್ರೆಶೋಲ್ಡ್. ಕಾರ್ಬಮಜೆಪಿನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್‌ನಂತಹ, ಸೋಡಿಯಂ ಚಾನೆಲ್‌ಗಳನ್ನು ತಡೆಯುವ ಔಷಧಗಳು ಈ ಮಟ್ಟವನ್ನು ಏರಿಸುತ್ತವೆ, ಅಂದರೆ ಮಿದುಳು ಸುಲಭವಾಗಿ ಕೆರಳದಂತೆ ಮಾಡುತ್ತವೆ. ಜೋಡಿ ಪ್ರಚೋದನೆಗಳನ್ನು ಕೊಟ್ಟರೆ ಇನ್ನೂ ಸೂಕ್ಷ್ಮ ಮಾಹಿತಿ ಸಿಗುತ್ತದೆ: ಮೊದಲು ದುರ್ಬಲವಾದದ್ದನ್ನು ಕೊಟ್ಟು 1ರಿಂದ 5 ಮಿಲಿಸೆಕೆಂಡ್ ಬಿಟ್ಟು ಬಲವಾದದ್ದನ್ನು ಕೊಟ್ಟಾಗ ಸ್ಪಂದನ ಕುಗ್ಗುತ್ತದೆ, 10–15 ಮಿಲಿಸೆಕೆಂಡ್ ಬಿಟ್ಟರೆ ಹಿಗ್ಗುತ್ತದೆ. ಆ ಕುಗ್ಗುವಿಕೆಯ ಹಿಂದಿರುವುದು ನರಕೋಶಗಳನ್ನು ತಣಿಸುವ 'ಗಾಬಾ' ರಾಸಾಯನಿಕದ ಕಡಿವಾಣ. ಬೆಂಜೊಡಯಜೆಪಿನ್ ಗುಂಪಿನ ಮಾತ್ರೆಗಳು ಬಿಗಿಗೊಳಿಸುವುದು ಇದನ್ನೇ.

2009ರಲ್ಲಿ ಮೆಲ್ಬರ್ನ್‌ನ ತಂಡವೊಂದು ಪ್ರಕಟಿಸಿದ ಅಧ್ಯಯನ ನನಗೆ ಬಹಳ ಮುಖ್ಯವೆನಿಸುತ್ತದೆ. ಫಿಟ್ಸ್‌ಗೆ ಮುಂಚಿನ 24 ಗಂಟೆಗಳಲ್ಲಿ ಟಿಎಂಎಸ್ ಅಳತೆಗಳು ಉದ್ರೇಕಶೀಲತೆ ಏರಿದ್ದನ್ನೂ, ನಂತರದ 24 ಗಂಟೆಗಳಲ್ಲಿ ಅದು ಇಳಿದದ್ದನ್ನೂ ತೋರಿಸಿದವು. ಹಾಗಾದರೆ ಇದನ್ನೇ ಪತ್ತೆ ಪರೀಕ್ಷೆಯಾಗಿ ಏಕೆ ಬಳಸಬಾರದು? ಥ್ರೆಶೋಲ್ಡ್ ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ಬದಲಾಗುತ್ತದೆ. ಸುರುಳಿಯಿಂದ ಕಾರ್ಟೆಕ್ಸ್‌ಗಿರುವ ದೂರವೂ ಅದನ್ನು ಪ್ರಭಾವಿಸುತ್ತದೆ. ಆದ್ದರಿಂದ ನಿಮ್ಮ ಸಂಖ್ಯೆಯನ್ನು ಪಕ್ಕದವರ ಸಂಖ್ಯೆಯೊಂದಿಗೆ ಹೋಲಿಸಿ ಪ್ರಯೋಜನವಿಲ್ಲ. ಔಷಧದ ಮೊದಲು ಮತ್ತು ನಂತರದ ನಿಮ್ಮದೇ ಸಂಖ್ಯೆಗಳನ್ನು ಹೋಲಿಸಿದರೆ ಅರ್ಥವಿದೆ. ಜತೆಗೆ, ಅಪಸ್ಮಾರ ಇರುವವರಲ್ಲಿ ಈ ಪರೀಕ್ಷೆಯೇ ಫಿಟ್ಸ್ ತರಿಸುವ ಸಣ್ಣ ಅಪಾಯವಿರುವುದರಿಂದ ಸಿದ್ಧತೆಯಿಲ್ಲದ ಕಡೆ ಇದನ್ನು ಮಾಡುವಂತಿಲ್ಲ.

ಕೆಣಕದೆಯೇ, ಇಇಜಿಯ ಹಿನ್ನೆಲೆ ಅಲೆಗಳ ಗಣಿತದಿಂದ ಅಂದಾಜು ಮಾಡುವ ಪ್ರಯತ್ನಗಳೂ ನಡೆದಿವೆ: ವಿವಿಧ ಭಾಗಗಳ ಅಲೆಗಳು ಎಷ್ಟರಮಟ್ಟಿಗೆ ತಾಳ ಹೊಂದಿಸಿಕೊಂಡಿವೆ, ಒಂದು ಏರಿಳಿತದ ನೆನಪು ಮುಂದಿನ ಕ್ಷಣದಲ್ಲಿ ಎಷ್ಟು ಉಳಿದಿದೆ ಎಂಬಂಥ ಲೆಕ್ಕಗಳು. ಇವು ಅಗ್ಗ, ಅಪಾಯವೂ ಇಲ್ಲ. ಆದರೆ ನಿದ್ದೆ, ತೂಕಡಿಕೆ, ದವಡೆ ಬಿಗಿತದ ಸ್ನಾಯು ಸಂಕೇತ, ಇವೆಲ್ಲ ಆ ಲೆಕ್ಕವನ್ನು ಸುಲಭವಾಗಿ ಕೆಡಿಸುತ್ತವೆ. ರೋಗಿಗೆ ಹೇಳುವ ಮಾತಾಗಿ ಅವು ಮಾಗಲು ಇನ್ನೂ ಸಮಯ ಬೇಕು.

ಮಾತ್ರೆ ನಿಲ್ಲಿಸುವ ನಿರ್ಧಾರ ಸದ್ಯಕ್ಕೆ ಫಿಟ್ಸ್ ಇಲ್ಲದೆ ಕಳೆದ ವರ್ಷಗಳು, ಅಪಸ್ಮಾರದ ಬಗೆ, ಎಂಆರ್‌ಐ, ಇಇಜಿ ಎಲ್ಲವನ್ನೂ ಒಟ್ಟಿಗೆ ತೂಗಿ ಆಗುವಂಥದು. ಇಇಜಿಗೆ ಬರುವಾಗ ತಲೆಗೆ ಎಣ್ಣೆ ಹಚ್ಚಬೇಡಿ, ಮಾತ್ರೆಯನ್ನು ನೀವಾಗಿಯೇ ತಪ್ಪಿಸಬೇಡಿ. ಕೊನೆಯ ಫಿಟ್ಸ್ ಯಾವಾಗ ಬಂತು, ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆಯಾಯಿತು, ಕೊನೆಯ ಮಾತ್ರೆ ಎಷ್ಟು ಹೊತ್ತಿಗೆ ನುಂಗಿದಿರಿ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಆ ಮೂರೂ ಗೊತ್ತಿಲ್ಲದೆ ವರದಿ ಓದುವ ವೈದ್ಯರು ಅರ್ಧ ಊಹೆಯಲ್ಲೇ ಓದಬೇಕಾಗುತ್ತದೆ.