ಕಥೆಯ ಹುಡುಗ ಮೊದಲು ‘ನಾನೊಲ್ಲೆ’ ಅನ್ನೋದ್ಯಾಕೆ?

ಪ್ರಶ್ನೆ: ಮಕ್ಕಳ ಫ್ಯಾಂಟಸಿ ಕಾದಂಬರಿಗಳಲ್ಲಿ ನಾಯಕ ಮೊದಲು ‘ನನ್ನ ಕೈಲಾಗಲ್ಲ’ ಅಂತ ಹಿಂದೇಟು ಹಾಕುತ್ತಾನೆ. ಕೊನೆಗೆ ಹೋಗೇ ಹೋಗ್ತಾನೆ ಅಂತ ಓದುವ ಮಗುವಿಗೂ ಗೊತ್ತು. ಮತ್ತೆ ಈ ನಾಟಕ ಯಾಕೆ?

ಉತ್ತರ: ಹೋಗ್ತಾನೆ ಅಂತ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ ಅಲ್ವಾ? ಮುಖಪುಟದಲ್ಲಿ ಕತ್ತಿ ಹಿಡಿದು ನಿಂತವನು ತಾನೇ ಅಂತ ಅವನಿಗೆ ಯಾರೂ ಹೇಳಿಲ್ಲ.

ಇಂಥ ಕಥೆಗಳಲ್ಲಿ ಹುಡುಗನ ಪರವಾಗಿ ಎಲ್ಲವನ್ನೂ ಬೇರೆಯವರೇ ತೀರ್ಮಾನಿಸಿರುತ್ತಾರೆ. ಅವನು ಹುಟ್ಟುವ ಮೊದಲೇ ಯಾವುದೋ ಭವಿಷ್ಯವಾಣಿ ಆಗಿರುತ್ತದೆ. ಗಡ್ಡದ ಮುದುಕನೊಬ್ಬ ಬಂದು ‘ನೀನೇ ಅವನು’ ಅನ್ನುತ್ತಾನೆ. ಕತ್ತಿಯೂ ರೆಡಿ, ಶತ್ರುವೂ ರೆಡಿ. ಇಷ್ಟರ ನಡುವೆ ಅವನ ಸ್ವಂತದ್ದು ಅಂತ ಇರುವ ಮಾತು ‘ಬೇಡ’ ಅನ್ನೋದೊಂದೇ. ಅದನ್ನು ಆಡಲು ಬಿಡದಿದ್ದರೆ, ಆಮೇಲೆ ಅವನು ಹೇಳುವ ‘ಆಯ್ತು’ಗೆ ಬೆಲೆ ಇರೋದಿಲ್ಲ. ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಅವರ ದಿನವನ್ನೂ ಬಹುಪಾಲು ದೊಡ್ಡವರೇ ಗೊತ್ತುಮಾಡಿರುತ್ತಾರೆ.

ಪುರಾಣಕಥೆಗಳನ್ನು ಅಧ್ಯಯನ ಮಾಡಿದ ಅಮೆರಿಕದ ಲೇಖಕ ಜೋಸೆಫ್ ಕ್ಯಾಂಪ್‌ಬೆಲ್ ವೀರರ ಕಥೆಗಳ ಬಗ್ಗೆ 1949ರಲ್ಲಿ ತಂದ ಪುಸ್ತಕದಲ್ಲಿ, ಬಂದ ಕರೆಯನ್ನು ನಿರಾಕರಿಸುವುದನ್ನೂ ಒಂದು ಘಟ್ಟವಾಗಿ ಗುರುತಿಸಿದ್ದಾರೆ. ಎಷ್ಟೋ ಕಾದಂಬರಿಗಳಲ್ಲಿ ಇದು ಬರೀ ಶಾಸ್ತ್ರಕ್ಕೆ ಬರುತ್ತದೆ. ಎರಡು ಪುಟ ಹಿಂದೇಟು, ಮೂರನೇ ಪುಟಕ್ಕೆ ಹೊರಟೇಬಿಟ್ಟ. ನಿಮಗೆ ನಾಟಕ ಅನ್ನಿಸೋದು ಇಂಥ ಕಡೆ.

ಹಿಂಜರಿಕೆ ಚಿಕ್ಕ ವಿಷಯಕ್ಕೆ ಅಂಟಿಕೊಂಡಿದ್ದರೆ ಚೆನ್ನ. 1937ರಲ್ಲಿ ಬಂದ ಟೋಲ್ಕಿನ್ ಅವರ ಮಕ್ಕಳ ಕಾದಂಬರಿ ‘ದಿ ಹಾಬಿಟ್’ ನೋಡಿ. ಅದರ ನಾಯಕ ಬಿಲ್ಬೊ ಒಂದು ತಂಡದ ಜೊತೆ ಡ್ರ್ಯಾಗನ್ ಕಾಯುತ್ತಿರುವ ನಿಧಿ ತರಲು ಹೊರಡಬೇಕು. ಬಿಲ್ಬೊಗೆ 50 ವರ್ಷ, ಆದರೆ ಆಳು ಕುಳ್ಳ. ಮಕ್ಕಳು ತಮ್ಮವನೇ ಅಂದುಕೊಳ್ಳುತ್ತಾರೆ. ಹೊರಡುವ ಬೆಳಗ್ಗೆ ಟೋಪಿ ಇಲ್ಲ, ಕೋಲಿಲ್ಲ, ಕಾಸಿಲ್ಲ. ಎರಡನೇ ತಿಂಡಿಯನ್ನು ಅರ್ಧಕ್ಕೇ ಬಿಟ್ಟು ಓಡುತ್ತಾನೆ. ಉಳಿದವರನ್ನು ಸೇರಿಕೊಂಡ ಮೇಲೆ ಅವನ ಗೋಳು ಏನಂತೀರಿ? ಡ್ರ್ಯಾಗನ್ ಸುದ್ದಿಯೇ ಇಲ್ಲ, ಕರ್ಚೀಫು ಮರೆತು ಬಂದೆ ಅಂತ! ಲೋಕವೇ ಮುಳುಗುತ್ತದೆ ಅನ್ನುವ ಭಯಕ್ಕಿಂತ ಈ ಕರ್ಚೀಫನ್ನು ನಾನು ಜಾಸ್ತಿ ನಂಬುತ್ತೇನೆ.

ನಮ್ಮ ಉತ್ತರಕುಮಾರನದು ಉಲ್ಟಾ ಕೇಸು. ಹೆಂಗಸರ ಮುಂದೆ ಕೊಚ್ಚಿಕೊಂಡು ಹೋಗಿ, ಕೌರವರ ಸೇನೆ ಕಣ್ಣಿಗೆ ಬಿದ್ದದ್ದೇ ತಡ, ರಥದಿಂದ ಧುಮುಕಿ ಓಡುತ್ತಾನೆ. ‘ಉತ್ತರನ ಪೌರುಷ ಒಲೆಯ ಮುಂದೆ’ ಅಂತ ನಕ್ಕು ನಾವು ಅಲ್ಲಿಗೇ ಬಿಟ್ಟುಬಿಡುತ್ತೇವೆ. ಪಾಪ, ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಬೃಹನ್ನಳೆಯ ವೇಷದ ಅರ್ಜುನ ಅವನನ್ನು ಹಿಡಿದು ತಂದು, ಯುದ್ಧ ನಾನು ಮಾಡ್ತೀನಿ, ನೀನು ರಥ ಹೊಡಿ ಅನ್ನುತ್ತಾನೆ. ಅದೇ ಹುಡುಗ ಅದೇ ಸೇನೆಯೆದುರು ರಥ ನಡೆಸುತ್ತಾನೆ. ಹೆದರಿದವನಿಗೆ ಅವನ ಕೈಲಾಗುವಂಥ ಒಂದು ಕೆಲಸ ಸಿಕ್ಕಿತು, ಅಷ್ಟೇ. ಮಕ್ಕಳ ಕಾದಂಬರಿ ಬರೆಯುವವರು ಉದ್ದುದ್ದ ಭಾಷಣ ಹಾಕುವ ಬದಲು ಹೀಗೊಂದು ಲಗಾಮು ಕೊಟ್ಟು ನೋಡಬಹುದು.

ಕೆಲವರು ಹುಡುಗನನ್ನು ಹೊರಡಿಸಲು ಅವನ ಊರಿಗೇ ಬೆಂಕಿ ಹಚ್ಚಿಸುತ್ತಾರೆ. ಇದು ನನಗೆ ಅಷ್ಟಾಗಿ ಒಗ್ಗೋದಿಲ್ಲ. ಮನೆಯೇ ಇಲ್ಲದವನು ಹೊರಟರೆ ಅದರಲ್ಲಿ ಅವನ ತೀರ್ಮಾನ ಎಲ್ಲಿ ಬಂತು? ವಾಪಸ್ ಹೋಗೋ ದಾರಿ ಇರಬೇಕು, ಹೋಗೋ ಆಸೆಯೂ ಇರಬೇಕು. ಬಿಲ್ಬೊ ದಾರಿಯುದ್ದಕ್ಕೂ ಮನೆ ನೆನೆಸಿಕೊಂಡು ಕೊರಗುತ್ತಾನೆ. ಡ್ರ್ಯಾಗನ್ ಮಲಗಿರುವ ಸುರಂಗದಲ್ಲಿ ಒಂದು ಕಡೆ ನಿಂತೇಬಿಡುತ್ತಾನೆ. ಅಲ್ಲಿಂದ ಮುಂದಕ್ಕೆ ಹೋದದ್ದೇ ಅವನು ಮಾಡಿದ ಎಲ್ಲಕ್ಕಿಂತ ದೊಡ್ಡ ಧೈರ್ಯದ ಕೆಲಸ ಅಂತ ಕಥೆಯೇ ಹೇಳುತ್ತದೆ. ಆಗ ಅವನು ಒಬ್ಬನೇ ಇದ್ದ. ತಿರುಗಿ ನಡೆದಿದ್ದರೆ ತಡೆಯುವವರು ಯಾರೂ ಇರಲಿಲ್ಲ.