ಮೊದಲನೇ ಸಲ ಹೀಗಾಗಿರಲಿಲ್ಲವಲ್ಲ

ನನ್ನ ತಂಗಿ ಎರಡನೇ ಸಲ ಬಸುರಿಯಾದಾಗ ಏಳನೇ ವಾರಕ್ಕೇ ಹಾಸಿಗೆ ಹಿಡಿದಳು. ಬಸವನಗುಡಿಯಲ್ಲಿ ಅವಳದು ಎರಡನೇ ಮಹಡಿಯ ಮನೆ. ಕೆಳಗಿನ ಮನೆಯವರು ಸಾರಿಗೆ ಇಂಗಿನ ಒಗ್ಗರಣೆ ಹಾಕಿದರೆ ಸಾಕು, ಇವಳು ಬಾಯಿಗೆ ದುಪಟ್ಟಾ ಒತ್ತಿಕೊಂಡು ಬಚ್ಚಲಿಗೆ ಓಡುತ್ತಿದ್ದಳು. ಡಿಕಾಕ್ಷನ್ ವಾಸನೆ ಆಗುತ್ತಿರಲಿಲ್ಲ. ಅವಳ ಗಂಡ ಕಾಫಿ ಫಿಲ್ಟರನ್ನು ತೊಳೆದು, ಕವರಿನಲ್ಲಿ ಕಟ್ಟಿ ಸಜ್ಜೆಯ ಮೇಲೆ ಇಟ್ಟುಬಿಟ್ಟಿದ್ದ. ನಾಲ್ಕು ವರ್ಷದ ಮಗಳು ಸ್ಟೀಲ್ ಲೋಟದಲ್ಲಿ ನೀರು ಹಿಡಿದುಕೊಂಡು ಬಚ್ಚಲ ಬಾಗಿಲಲ್ಲಿ ಕಾಯುತ್ತಿದ್ದಳು. ಆ ನೀರೂ ಅರ್ಧ ಗಂಟೆ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ.

ನೋಡಲು ಬಂದವರೆಲ್ಲ ಕೇಳಿದ್ದು ಒಂದೇ ಮಾತು. “ಮೊದಲನೇದಕ್ಕೆ ಏನೂ ಆಗಿರ್ಲಿಲ್ಲ ಅಲ್ವಾ? ದಿನಾ ಮೆಟ್ರೋದಲ್ಲಿ ಆಫೀಸಿಗೆ ಓಡಾಡ್ಕೊಂಡಿದ್ದೆ. ಈಗೇನಾಯ್ತು?” ಕಾಳಜಿಯಿಂದಲೇ ಕೇಳುತ್ತಿದ್ದರು. ಆದರೆ ಅದನ್ನೇ ಹತ್ತು ಸಲ ಕೇಳಿಸಿಕೊಂಡ ಮೇಲೆ ಅವಳಿಗೆ ತನ್ನ ಮೇಲೇ ಅನುಮಾನ ಬಂತು. “ಅಕ್ಕಾ, ನಾನೇ ಜಾಸ್ತಿ ಮಾಡ್ಕೊಳ್ತಿದೀನಾ?” ಅಂತ ಒಂದು ಸಂಜೆ ಕೇಳಿದಳು. ನನಗೆ ಅಳು ಬಂತು.

ನನ್ನ ಕಥೆ ಅವಳದಕ್ಕೆ ಪೂರ್ತಿ ಉಲ್ಟಾ. ಚೊಚ್ಚಲ ಬಸಿರಿನಲ್ಲಿ ಐದು ತಿಂಗಳು ತುಂಬುವವರೆಗೂ ವಾಕರಿಕೆ. ಎರಡನೆಯದರಲ್ಲಿ ಏನೂ ಇಲ್ಲ. ಏನೂ ಇಲ್ಲ ಅನ್ನುವುದೇ ನನಗೆ ಭಯವಾಗಿತ್ತು. ಮಗು ಸರಿ ಇದೆಯೋ ಇಲ್ಲವೋ ಅಂತ ಮೊದಲ ಸ್ಕ್ಯಾನ್ ಆಗುವ ತನಕ ನಿದ್ದೆ ಬರಲಿಲ್ಲ. ಒಂದೇ ಮನೆಯಲ್ಲಿ ಹುಟ್ಟಿದ ಇಬ್ಬರು, ಒಟ್ಟು ನಾಲ್ಕು ಬಸಿರು. ಒಂದರ ಹಾಗೆ ಇನ್ನೊಂದಿಲ್ಲ.

ಬಸುರಿಯರಲ್ಲಿ ನೂರಕ್ಕೆ 70ರಿಂದ 80 ಮಂದಿಗೆ ಒಂದಿಷ್ಟಾದರೂ ವಾಕರಿಕೆ, ವಾಂತಿ ಇರುತ್ತದೆ. ಸಾಮಾನ್ಯವಾಗಿ ಐದಾರನೇ ವಾರಕ್ಕೆ ಶುರು. ಒಂಬತ್ತನೇ ವಾರದ ಹೊತ್ತಿಗೆ ಜೋರು. ಹದಿನಾಲ್ಕು, ಹದಿನಾರನೇ ವಾರಕ್ಕೆ ಹೆಚ್ಚಿನವರಿಗೆ ಇಳಿಯುತ್ತದೆ. ಕೆಲವರಿಗೆ ಹೆರಿಗೆಯ ದಿನದವರೆಗೂ ಬಿಡುವುದಿಲ್ಲ. ಬೆಳಗಿನ ಕಾಯಿಲೆ ಅಂತ ಇಂಗ್ಲಿಷಿನವರು ಇಟ್ಟ ಹೆಸರು ದಾರಿ ತಪ್ಪಿಸುತ್ತದೆ. ಅದು ಮಧ್ಯಾಹ್ನ ಬರುತ್ತದೆ, ಸಂಜೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಬಸ್ ನಿಂತಾಗ ಬರುತ್ತದೆ, ರಾತ್ರಿ ಎಬ್ಬಿಸುತ್ತದೆ. ನೂರಕ್ಕೆ ಒಬ್ಬಿಬ್ಬರಿಗೆ ಇದು ಕಾಯಿಲೆಯ ಮಟ್ಟಕ್ಕೇ ಹೋಗುತ್ತದೆ. ವೈದ್ಯರು ಅದನ್ನು ಹೈಪರ್‌ಎಮೆಸಿಸ್ ಅನ್ನುತ್ತಾರೆ. ತೂಕ ಇಳಿಯುತ್ತದೆ, ಮೈಯಲ್ಲಿ ನೀರಿನಂಶ ಬತ್ತುತ್ತದೆ, ಡ್ರಿಪ್ ಹಾಕಬೇಕಾಗುತ್ತದೆ. ನನ್ನ ತಂಗಿಗೆ ಆಗಿದ್ದು ಇದೇ.

ಇದು ಯಾಕೆ ಆಗುತ್ತದೆ ಅನ್ನುವುದಕ್ಕೆ ಬಹಳ ಕಾಲ ಎಚ್‌ಸಿಜಿ ಎಂಬ ಹಾರ್ಮೋನಿನ ಕಡೆಗೇ ಬೆರಳು ತೋರಿಸುತ್ತಿದ್ದರು. ಮನೆಯಲ್ಲಿ ಪರೀಕ್ಷೆ ಮಾಡಿದಾಗ ಎರಡು ಗೆರೆ ಮೂಡಿಸುವ ಹಾರ್ಮೋನು ಅದು. ಅದೂ ಒಂಬತ್ತು, ಹತ್ತನೇ ವಾರಕ್ಕೆ ತುದಿ ಮುಟ್ಟಿ ಇಳಿಯುತ್ತದೆ. ವಾಂತಿಯ ಏರಿಳಿತಕ್ಕೆ ಹೊಂದುತ್ತದೆ ನಿಜ. ಆದರೆ ಅದೇ ಕಾರಣ ಅಂತ ಯಾರೂ ಗಟ್ಟಿಯಾಗಿ ತೋರಿಸಲಾಗಲಿಲ್ಲ. ಇನ್ನು ಕೆಲವು ವೈದ್ಯರು ಎಲ್ಲವನ್ನೂ ಹೆಂಗಸಿನ ಮನಸ್ಸಿನ ತಲೆಗೆ ಕಟ್ಟಿದರು. ಗಂಡನ ಮೇಲೆ ಸಿಟ್ಟು, ಮಗು ಬೇಡ ಅನ್ನುವ ಒಳ ಆಸೆ ಅಂತೆಲ್ಲ ವೈದ್ಯಕೀಯ ಪುಸ್ತಕಗಳಲ್ಲೇ ಬರೆದಿದ್ದರು. ಓದುವಾಗ ಮೈ ಉರಿಯುತ್ತದೆ.

ಈ ಗೋಡೆ ಒಡೆದವರಲ್ಲಿ ಮುಖ್ಯರು ಅಮೆರಿಕದ ತಳಿವಿಜ್ಞಾನಿ ಮಾರ್ಲೆನಾ ಫೆಜೊ. 1999ರಲ್ಲಿ, ತಮ್ಮ ಎರಡನೇ ಬಸಿರಿನಲ್ಲಿ, ಅವರಿಗೆ ನೀರು ನುಂಗಲೂ ಆಗದಷ್ಟು ವಾಂತಿ ಹತ್ತಿತು. ಇದೆಲ್ಲ ಗಮನ ಸೆಳೆಯುವುದಕ್ಕೆ ಅನ್ನುವಂಥ ಮಾತನ್ನು ಅವರೂ ತಮ್ಮ ವೈದ್ಯರಿಂದ ಕೇಳಿದರು. 15ನೇ ವಾರದಲ್ಲಿ ಮಗು ಹೋಯಿತು. ಆಮೇಲೆ ಅವರು ಆ ಕಾಯಿಲೆಯ ಬೆನ್ನು ಬಿಡಲಿಲ್ಲ. ಸಾವಿರಾರು ಹೆಂಗಸರ ಡಿಎನ್‌ಎ ಮಾಹಿತಿ ಜಾಲಾಡಿ 2018ರಲ್ಲಿ ಒಂದು ಸುಳಿವು ಪ್ರಕಟಿಸಿದರು. ಹೈಪರ್‌ಎಮೆಸಿಸ್ ಆದವರಲ್ಲಿ ಜಿಡಿಎಫ್-15 ಎಂಬ ಪ್ರೋಟೀನಿನ ಜೀನಿನ ಬಳಿ ವ್ಯತ್ಯಾಸಗಳು ಕಾಣುತ್ತಿದ್ದವು. 2023ರ ಡಿಸೆಂಬರಿನಲ್ಲಿ ಕೇಂಬ್ರಿಡ್ಜಿನ ಸ್ಟೀಫನ್ ಓರಾಹಿಲಿ ಅವರ ತಂಡದ ಜೊತೆ ಸೇರಿ ‘ನೇಚರ್’ ಪತ್ರಿಕೆಯಲ್ಲಿ ಇನ್ನಷ್ಟು ಬಿಡಿಸಿ ಹೇಳಿದರು.

ಜಿಡಿಎಫ್-15 ನಮ್ಮೆಲ್ಲರ ರಕ್ತದಲ್ಲೂ ಇರುತ್ತದೆ, ಗಂಡಸರಲ್ಲೂ. ಜೀವಕೋಶಗಳಿಗೆ ಪೆಟ್ಟು ಬಿದ್ದಾಗ, ಕಾಯಿಲೆ ಬಂದಾಗ ಜಾಸ್ತಿಯಾಗುತ್ತದೆ. ಬಸಿರಿನಲ್ಲಿ ಇದು ಎಷ್ಟೋ ಪಟ್ಟು ಏರುತ್ತದೆ. ಮಿದುಳಿನ ಬುಡದಲ್ಲಿ ವಾಂತಿಗೆ ಸಂಬಂಧಿಸಿದ ಒಂದು ಪುಟ್ಟ ಜಾಗ ಇದೆ. ಮಿದುಳಿನ ಬೇರೆ ಭಾಗಗಳಿಗೆ ರಕ್ತದಲ್ಲಿ ಬಂದದ್ದೆಲ್ಲ ನುಗ್ಗದ ಹಾಗೆ ಒಂದು ತಡೆ ಇರುತ್ತದೆ. ಈ ಜಾಗಕ್ಕೆ ಆ ತಡೆ ಇಲ್ಲ. ಬಾಗಿಲು ತೆರೆದೇ ಇರುವ ಕೋಣೆ ಅಂದುಕೊಳ್ಳಿ. ರಕ್ತದಲ್ಲಿ ವಿಷ ಇದೆಯಾ ಅಂತ ರುಚಿ ನೋಡುವುದೇ ಅದರ ಕೆಲಸ. ಜಿಡಿಎಫ್-15 ಹೋಗಿ ಬಡಿಯುವುದು ಅಲ್ಲಿಗೇ.

ಹಾಗಾದರೆ ರಕ್ತದಲ್ಲಿ ಇದು ಜಾಸ್ತಿ ಇದ್ದವರಿಗೆ ವಾಂತಿ ಜಾಸ್ತಿ, ಅಷ್ಟೇ ಅಲ್ವಾ? ಅಷ್ಟೇ ಅಲ್ಲ. ಬಸುರಿಯಾಗುವ ಮೊದಲು ಯಾರಿಗೆ ಇದು ಕಡಿಮೆ ಇತ್ತೋ ಅವರಿಗೇ ಸಂಕಟ ಜಾಸ್ತಿ. ಮೈಗೆ ಅದರ ಅಭ್ಯಾಸ ಇಲ್ಲ, ಒಮ್ಮೆಲೇ ಏರಿದಾಗ ತಡೆಯಲಾರದು. ಖಾರ ತಿಂದೇ ಗೊತ್ತಿಲ್ಲದವರ ಎಲೆಗೆ ಗುಂಟೂರು ಮೆಣಸಿನಕಾಯಿ ಬಡಿಸಿದ ಹಾಗೆ. ಬೀಟಾ ಥಲಸೀಮಿಯಾ ಎಂಬ ರಕ್ತದ ಕಾಯಿಲೆ ಇರುವವರಲ್ಲಿ ಜಿಡಿಎಫ್-15 ಮೊದಲಿಂದಲೂ ತುಂಬಾ ಜಾಸ್ತಿ ಇರುತ್ತದೆ. ಅವರನ್ನು ಕೇಳಿದಾಗ, ಬಹುಪಾಲು ಮಂದಿ ಬಸಿರಿನಲ್ಲಿ ವಾಕರಿಕೆಯೇ ಇರಲಿಲ್ಲ ಅಂದರು. ಇಲಿಗಳಿಗೆ ಮೊದಲೇ ಇದನ್ನು ಕೊಟ್ಟು ರೂಢಿ ಮಾಡಿಸಿದಾಗ, ಆಮೇಲೆ ದೊಡ್ಡ ಪ್ರಮಾಣ ಕೊಟ್ಟರೂ ಅವು ಅಷ್ಟಾಗಿ ಊಟ ಬಿಡಲಿಲ್ಲ.

ಇನ್ನು ನನ್ನ ತಂಗಿಯ ಪ್ರಶ್ನೆಗೆ ಹತ್ತಿರದ ಸಂಗತಿ. ಬಸುರಿಯ ರಕ್ತದಲ್ಲಿ ಓಡಾಡುವ ಜಿಡಿಎಫ್-15 ಬಹುಪಾಲು ಅವಳದಲ್ಲ. ಅದು ಮಗುವಿನ ಕಡೆಯದು, ಮಾಸಿನಿಂದ ಬಂದದ್ದು. ಮಾಸು ಬೆಳೆಯುವುದು ತಾಯಿಯ ಗರ್ಭಕೋಶದಲ್ಲೇ ಆದರೂ ಅದು ಹುಟ್ಟುವುದು ಮಗು ಹುಟ್ಟಿದ ಅದೇ ಮೊಳಕೆಯಿಂದ. ಅದರ ಜೀನುಗಳು ಮಗುವಿನವು. ಅರ್ಧ ಅಮ್ಮನಿಂದ, ಅರ್ಧ ಅಪ್ಪನಿಂದ. ಅಮ್ಮನ ಆ ಅರ್ಧವೂ ಪ್ರತಿ ಸಲ ಬೇರೆ. ಎರಡು ಮಕ್ಕಳ ಮೂಗು ಒಂದೇ ಥರ ಇರುತ್ತದಾ? ಹಾಗೆಯೇ ಎರಡು ಮಾಸು ಕಳಿಸುವ ಸಂದೇಶವೂ ಒಂದೇ ಥರ ಇರಬೇಕಾಗಿಲ್ಲ.

ಇದಕ್ಕೆ ಒಳ್ಳೆಯ ಉದಾಹರಣೆ ಅದೇ ಸಂಶೋಧನೆಯಲ್ಲಿದೆ. ಕೆಲವು ಹೆಂಗಸರಲ್ಲಿ ಜಿಡಿಎಫ್-15 ಜೀನಿನ ಒಂದು ಅಪರೂಪದ ರೂಪ ಇರುತ್ತದೆ. ಅದರಿಂದಾಗಿ ಅವರ ರಕ್ತದಲ್ಲಿ ಈ ಪ್ರೋಟೀನು ಮೊದಲಿಂದಲೂ ಕಡಿಮೆ, ಹೈಪರ್‌ಎಮೆಸಿಸ್ ಆಗುವ ಸಾಧ್ಯತೆ 10 ಪಟ್ಟಿಗೂ ಜಾಸ್ತಿ. ಆದರೆ ಮಗುವಿಗೂ ಅಮ್ಮನಿಂದ ಅದೇ ರೂಪ ಬಂದಿದ್ದರೆ ಮಗುವಿನ ಕಡೆಯಿಂದ ಬರುವುದೂ ಕಡಿಮೆಯಾಗುತ್ತದೆ, ತಾಯಿಗೆ ತೊಂದರೆಯೂ ಕಡಿಮೆಯಾಗುವ ಹಾಗೆ ಕಂಡಿತು. ಬರದಿದ್ದರೆ ಅಬ್ಬರ ಜಾಸ್ತಿ. ತಾಯಿ ಅವಳೇ, ಅಡುಗೆಮನೆ ಅದೇ, ಇಂಗು ಅದೇ. ಬದಲಾದದ್ದು ಒಳಗಿರುವವರು. ನನ್ನ ತಂಗಿಗೆ ಇದೇ ಜೀನ್ ಇದೆ ಅಂತ ನಾನು ಹೇಳುತ್ತಿಲ್ಲ, ಯಾರೂ ಪರೀಕ್ಷೆ ಮಾಡಿಲ್ಲ. ಆದರೆ “ಮೊದಲನೇ ಸಲ ಹೀಗಾಗಿರಲಿಲ್ಲ” ಅನ್ನುವುದು ಅವಳ ಮನಸ್ಸಿನ ಬಗ್ಗೆ ಏನನ್ನೂ ಹೇಳುವುದಿಲ್ಲ ಅಂತ ಗೊತ್ತಾಗಲು ಇಷ್ಟು ಸಾಕು.

ನಾರ್ವೆಯಲ್ಲಿ 1967ರಿಂದ ಪ್ರತಿ ಹೆರಿಗೆಯನ್ನೂ ದಾಖಲಿಸಿಡುತ್ತಾರೆ. ಆ ಕಡತಗಳ ಲೆಕ್ಕ ನೋಡಿ. ಮೊದಲ ಬಸಿರಿನಲ್ಲಿ ಹೈಪರ್‌ಎಮೆಸಿಸ್ ಆದವರಲ್ಲಿ ನೂರಕ್ಕೆ 15 ಮಂದಿಗೆ ಎರಡನೆಯದರಲ್ಲೂ ಆಯಿತು. ಮೊದಲು ಆಗದವರಲ್ಲಿ ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ತಾಯಂದಿರನ್ನೇ ಕೇಳಿ ಮಾಡಿದ ಕೆಲವು ಅಧ್ಯಯನಗಳಲ್ಲಿ ಮರುಕಳಿಸುವ ಲೆಕ್ಕ ಇನ್ನೂ ಎಷ್ಟೋ ಜಾಸ್ತಿ ಬಂದಿದೆ. ಅಂದರೆ ಒಮ್ಮೆ ಆದವರು ಎಚ್ಚರವಾಗಿರಬೇಕು ನಿಜ. ಹಾಗಂತ ಖಾತ್ರಿ ಇಲ್ಲ, ಮೊದಲು ಆಗದವರಿಗೆ ಪೂರ್ತಿ ವಿನಾಯಿತಿಯೂ ಇಲ್ಲ.

ಬೇರೆ ಕಾರಣಗಳೂ ಇವೆ. ಅವಳಿ ಮಕ್ಕಳಿದ್ದರೆ ವಾಕರಿಕೆ ಸಾಮಾನ್ಯವಾಗಿ ಜೋರು. ಮೈಗ್ರೇನ್ ಇರುವವರಿಗೆ, ಘಾಟಿ ರಸ್ತೆಯಲ್ಲಿ ವಾಂತಿ ಮಾಡಿಕೊಳ್ಳುವವರಿಗೆ ಜಾಸ್ತಿ. ಕಬ್ಬಿಣಾಂಶದ ಮಾತ್ರೆ ಕೆಲವರ ಹೊಟ್ಟೆ ತೊಳಸುತ್ತದೆ. ಮತ್ತೆ ಎರಡನೇ ಸಲ ಮನೆಯಲ್ಲಿ ಒಂದು ಮಗು ಆಗಲೇ ಇರುತ್ತದೆ. ಅದಕ್ಕೆ ದೋಸೆ ಹುಯ್ಯಬೇಕು, ಸ್ಕೂಲ್ ವ್ಯಾನಿಗೆ ಬಿಡಬೇಕು. ಮೊದಲನೇ ಸಲ ಸಂಕಟ ಆದಾಗ ಸುಮ್ನೆ ಮಲಗಬಹುದಿತ್ತು. ಈಗ ಮಲಗುವುದಕ್ಕೆ ಯಾರಾದರೂ ಬಿಡಬೇಕಲ್ಲ.

ವಾಂತಿ ಜಾಸ್ತಿಯಾದರೆ ಹೆಣ್ಣು ಮಗು ಅನ್ನುವ ಮಾತು ನಮ್ಮಲ್ಲಿ ಇದೆ. ಹೈಪರ್‌ಎಮೆಸಿಸ್ ಆದವರಲ್ಲಿ ಹೆಣ್ಣು ಮಕ್ಕಳ ಪಾಲು ತುಸು ಹೆಚ್ಚು ಅಂತ ದೊಡ್ಡ ಲೆಕ್ಕಗಳಲ್ಲಿ ಕಾಣುತ್ತದೆ. ಆದರೆ ಆ ವ್ಯತ್ಯಾಸ ಎಷ್ಟು ಸಣ್ಣದೆಂದರೆ, ನಿಮ್ಮೆದುರು ಕುಳಿತ ಒಬ್ಬ ಬಸುರಿಯ ಬಗ್ಗೆ ಅದರಿಂದ ಏನೂ ಹೇಳಲಾಗದು. ನನ್ನ ತಂಗಿಗೆ ಎರಡನೆಯದು ಗಂಡು. ಹೆಣ್ಣು ಅಂತ ಗೊತ್ತಾದರೆ ಮುಖ ಸಣ್ಣದಾಗುವ ಮನೆಗಳು ಇನ್ನೂ ಇರುವಾಗ ಇಂಥ ಊಹೆಯನ್ನು ಬಸುರಿಯ ಎದುರು ಆಡಲೇಬಾರದು ಅನ್ನುವುದು ನನ್ನ ಮಾತು.

ವಾಕರಿಕೆ ಇರುವವರಲ್ಲಿ ಗರ್ಭಪಾತ ಕಡಿಮೆ ಅನ್ನುವುದು ನಿಜ. ಅಮೆರಿಕದಲ್ಲಿ, ಈ ಹಿಂದೆ ಮಗು ಕಳೆದುಕೊಂಡಿದ್ದ ಹೆಂಗಸರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಅದೇ ಕಂಡಿತು. ಆದರೆ ಇದನ್ನು ತಿರುಗಿಸಿ ಓದಬೇಡಿ. ಏನೂ ಆಗದ ಬಸುರಿಯರೂ ನೂರಕ್ಕೆ 20, 30 ಮಂದಿ ಇದ್ದಾರೆ, ಅವರಲ್ಲಿ ಹೆಚ್ಚಿನವರು ಆರೋಗ್ಯವಂತ ಮಕ್ಕಳನ್ನೇ ಹೆರುತ್ತಾರೆ. ಆ ದಿನಗಳಲ್ಲಿ ಇದನ್ನು ನನಗೆ ಯಾರಾದರೂ ಹೇಳಿದ್ದರೆ ಎಷ್ಟೋ ರಾತ್ರಿ ನಿದ್ದೆ ಬರುತ್ತಿತ್ತು.

ತಂಗಿ ಮಾತ್ರೆ ಬೇಡ ಅಂತ ಹಟ ಹಿಡಿದಿದ್ದಳು. ಮಗುವಿಗೆ ಏನಾದರೂ ಆದರೆ ಅನ್ನುವ ಹೆದರಿಕೆ. ಅದು ಸುಮ್ನೆ ಹುಟ್ಟಿದ ಹೆದರಿಕೆ ಅಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಮಾರಾಟಕ್ಕೆ ಬಂತು. ನಿದ್ದೆಗೂ, ಬಸುರಿಯರ ವಾಕರಿಕೆಗೂ ಕೊಟ್ಟರು. ಅದರಿಂದ ಹಲವು ದೇಶಗಳಲ್ಲಿ 10,000ಕ್ಕೂ ಹೆಚ್ಚು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದವು. 1961ರಲ್ಲಿ ಅಲ್ಲಿ ಅದನ್ನು ವಾಪಸು ತೆಗೆದರು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿ, ಎಷ್ಟು ಒತ್ತಡ ಬಂದರೂ ಪುರಾವೆ ಸಾಲದು ಅಂತ ಒಪ್ಪಿಗೆ ಕೊಡಲಿಲ್ಲ. ಆ ದುರಂತದ ನೆರಳು ಆಮೇಲೆ ಒಳ್ಳೆಯ ಔಷಧಿಗಳ ಮೇಲೂ ಬಿತ್ತು. ಡಾಕ್ಸಿಲಮೀನ್ ಮತ್ತು ಬಿ6 ವಿಟಮಿನ್ ಸೇರಿಸಿದ ಮಾತ್ರೆ ಅಮೆರಿಕದಲ್ಲಿ ಕೋರ್ಟು ಕೇಸುಗಳ ಗಲಾಟೆಯಲ್ಲಿ 1983ರಲ್ಲಿ ನಿಂತುಹೋಯಿತು. ಅದರಿಂದ ಮಕ್ಕಳಿಗೆ ತೊಂದರೆ ಇಲ್ಲ ಅಂತ ಅಧ್ಯಯನಗಳು ಹೇಳುತ್ತಲೇ ಇದ್ದವು. 2013ರಲ್ಲಿ ಅಲ್ಲಿ ಮತ್ತೆ ಒಪ್ಪಿಗೆ ಸಿಕ್ಕಿತು. ನಮ್ಮಲ್ಲೂ ಅದನ್ನು ವೈದ್ಯರು ಬರೆಯುತ್ತಾರೆ. ಹಿಂದಿನ ಬಸಿರಿನಲ್ಲಿ ತುಂಬಾ ಕಷ್ಟ ಆಗಿದ್ದವರಿಗೆ ಈ ಸಲ ಶುರುವಾಗುವ ಮೊದಲೇ ಕೊಡುವುದೂ ಉಂಟು. ಆದ್ದರಿಂದ ಮೊದಲ ಭೇಟಿಯಲ್ಲೇ, ತಾಯಿ ಕಾರ್ಡ್ ಮಾಡಿಸುವಾಗಲೇ, ಹೋದ ಸಲ ಏನಾಗಿತ್ತು ಅಂತ ಬಿಡಿಸಿ ಹೇಳಿ.

ಸಣ್ಣ ವಾಕರಿಕೆಗೆ ಶುಂಠಿ ಉಪಕಾರಿ. ಬೇಕರಿಯ ಒಣ ರಸ್ಕು, ಕಡಲೆಪುರಿ, ಸ್ವಲ್ಪ ಸ್ವಲ್ಪವೇ ಗಂಜಿ ಆಗುತ್ತದೆ. ಆದರೆ ಒಂದು ದಿನ ಪೂರ್ತಿ ನೀರೂ ನಿಲ್ಲದಿದ್ದರೆ, ಎಂಟು ಗಂಟೆ ಮೂತ್ರ ಬರದಿದ್ದರೆ ಅಥವಾ ಗಾಢ ಬಣ್ಣಕ್ಕೆ ತಿರುಗಿದರೆ, ಎದ್ದರೆ ಕಣ್ಣು ಕತ್ತಲಿಟ್ಟರೆ, ವಾಂತಿಯಲ್ಲಿ ರಕ್ತ ಕಂಡರೆ ಶುಂಠಿ ಅರೆಯುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ವಾರಗಟ್ಟಲೆ ಏನೂ ತಿನ್ನದವರಿಗೆ ಗ್ಲೂಕೋಸ್ ಹಾಕುವ ಮೊದಲು ಬಿ1 ವಿಟಮಿನ್, ಅಂದರೆ ಥಯಮಿನ್, ಕೊಡಬೇಕು. ಅದಿಲ್ಲದೆ ಬರೀ ಗ್ಲೂಕೋಸ್ ಹೋದರೆ ಮಿದುಳಿಗೆ ಅಪಾಯ. ಜೊತೆಗೆ ಹೋದವರು ಇದನ್ನು ಕೇಳಲು ಹಿಂಜರಿಯಬಾರದು.

ನಾರ್ವೆಯ ದಾಖಲೆಗಳಲ್ಲೇ ಇನ್ನೊಂದು ಸಂಗತಿ ಇದೆ. ತಾಯಿಗೆ ಹೈಪರ್‌ಎಮೆಸಿಸ್ ಆಗಿದ್ದರೆ ಮಗಳಿಗೂ ಆಗುವ ಸಾಧ್ಯತೆ ಸುಮಾರು 3 ಪಟ್ಟು. ಇದನ್ನು ಹೇಳಿದಾಗ ತಂಗಿ ಎದ್ದು ಕೂತು, ಮಗಳ ಹಳೆಯ ಡ್ರಾಯಿಂಗ್ ಪುಸ್ತಕವನ್ನು ಎಳೆದುಕೊಂಡಳು. ಹಿಂದಿನ ಖಾಲಿ ಹಾಳೆಗಳಲ್ಲಿ ದಿನವೂ ಒಂದೆರಡು ಸಾಲು ಬರೆಯತೊಡಗಿದಳು. ಮೊದಲ ಹಾಳೆಯಲ್ಲಿ ನಡುಗುವ ಅಕ್ಷರದಲ್ಲಿ ಹೀಗಿದೆ: “9ನೇ ವಾರ, ಮಂಗಳವಾರ. ಮಜ್ಜಿಗೆ ನಿಲ್ಲಲಿಲ್ಲ. ಐಸ್ ತುಂಡು ನಿಂತಿತು. ಡ್ರಿಪ್ ಎರಡು ಬಾಟಲಿ. ಸಂಜೆ ನಾಲ್ಕು ಚಮಚ ಗಂಜಿ, ಉಪ್ಪು ಹಾಕಿ. ಪುಟ್ಟಿ ಲೋಟ ಹಿಡಿದುಕೊಂಡೇ ನಿದ್ದೆ ಹೋದಳು.”