ಐಇಎಲ್‌ಟಿಎಸ್ ಬರೆಯಲಾ, ಪಿಟಿಇ ಬರೆಯಲಾ?

ಪ್ರಶ್ನೆ: ಉಡುಪಿಯಲ್ಲಿ ಬಿ.ಇ. ಕೊನೆಯ ವರ್ಷದಲ್ಲಿದ್ದೇನೆ. ಹತ್ತನೇ ತನಕ ಕನ್ನಡ ಮಾಧ್ಯಮ. ಎಂ.ಎಸ್.ಗೆ ಹೊರದೇಶಕ್ಕೆ ಹೋಗುವ ಆಸೆ. ಐಇಎಲ್‌ಟಿಎಸ್, ಪಿಟಿಇ ಎರಡರಲ್ಲಿ ಯಾವ ಇಂಗ್ಲಿಷ್ ಪರೀಕ್ಷೆ ಸುಲಭ ಸರ್?

ಸುಲಭದ ಮಾತು ಆಮೇಲೆ. ಮೊದಲು ನೀವು ಅರ್ಜಿ ಹಾಕುವ ನಾಲ್ಕೈದು ಯೂನಿವರ್ಸಿಟಿಗಳ ಹೆಸರು ಬರೆದುಕೊಳ್ಳಿ. ಯಾವ ಪರೀಕ್ಷೆ ಒಪ್ಪುತ್ತಾರೆ ಅಂತ ನಿಮ್ಮ ಕೋರ್ಸಿನ ಪುಟದಲ್ಲೇ ನೋಡಿ. ಐಇಎಲ್‌ಟಿಎಸ್‌ನಲ್ಲಿ 9ಕ್ಕೆ ಒಟ್ಟು 6.5 ಸಾಕು ಎಂದವರೇ ಕೆಳಗಿನ ಸಾಲಿನಲ್ಲಿ ಯಾವ ವಿಭಾಗದಲ್ಲೂ 6ಕ್ಕಿಂತ ಕಡಿಮೆ ಇರಬಾರದು ಎಂದು ಹಾಕಿರುತ್ತಾರೆ. ವೀಸಾದ ನಿಯಮ ಬೇರೆ. ಡುವೊಲಿಂಗೊ ಎಂಬ ಇನ್ನೊಂದು ಇಂಗ್ಲಿಷ್ ಪರೀಕ್ಷೆಯನ್ನು ಮನೆಯಲ್ಲೇ ಕೂತು ಬರೆಯಬಹುದು, ಅಮೆರಿಕದ ಬಹಳ ಕಡೆ ನಡೆಯುತ್ತದೆ. ಆಸ್ಟ್ರೇಲಿಯಾದ ವೀಸಾಕ್ಕೆ ಮಾತ್ರ ನಡೆಯುವುದಿಲ್ಲ.

ಐಇಎಲ್‌ಟಿಎಸ್, ಪಿಟಿಇ ಎರಡೂ ನಡೆಯುತ್ತದೆ ಎಂದಾದರೆ, ಮಾತಿನ ವಿಭಾಗ ನೋಡಿ ತೀರ್ಮಾನಿಸಿ. ನಮ್ಮ ಕಡೆಯವರು ಸೋಲುವುದು ಜಾಸ್ತಿ ಅಲ್ಲೇ. ಐಇಎಲ್‌ಟಿಎಸ್‌ನಲ್ಲಿ ಮನುಷ್ಯರ ಜೊತೆ ಮಾತು, 11ರಿಂದ 14 ನಿಮಿಷ. ನಡುವೆ ವಿಷಯ ಬರೆದ ಒಂದು ಕಾರ್ಡ್ ಕೊಡುತ್ತಾರೆ. ಯೋಚಿಸಲು 1 ನಿಮಿಷ, ಮಾತಾಡಲು 2 ನಿಮಿಷ. ಪ್ರಶ್ನೆ ಕೇಳಿಸದಿದ್ದರೆ ಇನ್ನೊಮ್ಮೆ ಹೇಳಿ ಎನ್ನಬಹುದು. ಪಿಟಿಇಯಲ್ಲಿ ಎದುರಿಗೆ ಕಂಪ್ಯೂಟರ್, ಕಿವಿಗೆ ಹೆಡ್‌ಸೆಟ್. ಪಕ್ಕದ ಸೀಟಿನವರೂ ಅದೇ ಹೊತ್ತಿಗೆ ಮಾತಾಡುತ್ತಿರುತ್ತಾರೆ. ನೀವು 3 ಸೆಕೆಂಡ್ ಸುಮ್ಮನಾದರೆ ಮೈಕ್ ಬಂದ್. ತುಳುವಿನಲ್ಲೋ ಕನ್ನಡದಲ್ಲೋ ಯೋಚಿಸಿ ಇಂಗ್ಲಿಷ್ ಆಡುವವರಿಗೆ ಆ 3 ಸೆಕೆಂಡ್ ಬೇಕೇ ಬೇಕು, ಅಲ್ವಾ? ಹಾಗಾಗಿ ನಿಮಗೆ ಐಇಎಲ್‌ಟಿಎಸ್ ಒಳ್ಳೆಯದು. ಊರಿನ ಉಚ್ಚಾರ ಇದೆ ಅಂತ ಹೆದರಬೇಡಿ, ಮಾತು ಸ್ಪಷ್ಟ ಇದ್ದರಾಯಿತು. ಅಪರಿಚಿತರ ಮುಂದೆ ಬಾಯಿ ಕಟ್ಟುವವರು, ಟೈಪಿಂಗ್ ಚುರುಕಿರುವವರು ಪಿಟಿಇಗೆ ಹೋಗಲಿ. ಫಲಿತಾಂಶವೂ ಸಾಮಾನ್ಯವಾಗಿ 2 ದಿನದಲ್ಲಿ ಬರುತ್ತದೆ.

ಐಇಎಲ್‌ಟಿಎಸ್ ಬುಕ್ ಮಾಡುವಾಗ ಅಕಾಡೆಮಿಕ್, ಜನರಲ್ ಟ್ರೇನಿಂಗ್ ಎಂದು ಎರಡು ಬಗೆ ಇರುತ್ತದೆ, ಅಕಾಡೆಮಿಕ್ ಎಂದೇ ಒತ್ತಿ. ನನ್ನ ಹತ್ತಿರ ಕಲಿತ ಕಾಪು ಕಡೆಯ ಹುಡುಗ ಜನರಲ್ ಟ್ರೇನಿಂಗ್ ಬರೆದು ಬಂದ. ಅಂಕ ಚೆನ್ನಾಗಿತ್ತು, ಯೂನಿವರ್ಸಿಟಿ ಒಪ್ಪಲಿಲ್ಲ. ಆ ಫೀಸು ಅವನ ಅಮ್ಮ ಬೀಡಿ ಕಟ್ಟಿ ಕೂಡಿಟ್ಟ ದುಡ್ಡು. ನನಗೆ ಇವತ್ತಿಗೂ ಅದು ಮರೆಯುವುದಿಲ್ಲ.

ಅಂಕಪಟ್ಟಿ 2 ವರ್ಷ ಮಾತ್ರ ನಡೆಯುತ್ತದೆ, ತೀರಾ ಬೇಗ ಬರೆಯಬೇಡಿ. ಎರಡಕ್ಕೂ ಪರೀಕ್ಷೆಯ ದಿನ ಒರಿಜಿನಲ್ ಪಾಸ್‌ಪೋರ್ಟ್ ಬೇಕು, ಆಧಾರ್ ಸಾಲದು. ಇನ್ನೂ ಮಾಡಿಸಿಲ್ಲವಾದರೆ ಈ ವಾರವೇ ಅರ್ಜಿ ಹಾಕಿ.